ವೆಬ್ ವಿಳಾಸದಲ್ಲಿ ಕನ್ನಡ ಅಕ್ಷರ ಇದ್ರೆ ಗೂಗಲ್‌ಗೆ ತೊಂದ್ರೆನಾ? ಸೈಟ್ ನಡೆಸೋರಿಗೆ ಒಂದೊಂದೇ ಹಂತದಲ್ಲಿ

ಕನ್ನಡದಲ್ಲಿ ಸೈಟ್ ಮಾಡಿದವರೆಲ್ಲ ಒಂದಲ್ಲ ಒಂದಿನ ಕೇಳೋ ಪ್ರಶ್ನೆ ಇದು. ಯುಆರ್‌ಎಲ್‌ನಲ್ಲಿ ಕನ್ನಡ ಅಕ್ಷರ ಹಾಕಬಹುದಾ, ಹಾಕಿದ್ರೆ ಗೂಗಲ್ ಇಂಡೆಕ್ಸ್ ಮಾಡುತ್ತಾ (ಅಂದ್ರೆ ತನ್ನ ಹುಡುಕಾಟದ ಪಟ್ಟಿಗೆ ಸೇರಿಸ್ಕೊಳ್ಳುತ್ತಾ), ಇಲ್ಲಾ ಸುಮ್ನೆ ಇಂಗ್ಲಿಷ್ ಅಕ್ಷರದಲ್ಲೇ ಇಟ್ಬಿಡೋದು ವಾಸಿನಾ ಅಂತ. ಉತ್ತರ ಮೊದ್ಲೇ ಹೇಳ್ಬಿಡ್ತೀನಿ, ಹಾಕಬಹುದು, ಇಂಡೆಕ್ಸೂ ಆಗುತ್ತೆ. ಕನ್ನಡ ವಿಕಿಪೀಡಿಯದ ಲೇಖನಗಳ ವಿಳಾಸ ಎಲ್ಲಾ ಕನ್ನಡದಲ್ಲೇ ಇರೋದು, ಅವು ಗೂಗಲ್‌ನಲ್ಲಿ ಸಿಗ್ತಾನೇ ಇದಾವೆ. ಗೂಗಲ್‌ನವರ ಸ್ವಂತ ಸಲಹೆಯಲ್ಲೂ ಓದುಗರ ಭಾಷೆಯ ಪದಗಳನ್ನೇ ವಿಳಾಸದಲ್ಲಿ ಬಳಸಿ, ಬೇಕಾದ ಕಡೆ ಯುಟಿಎಫ್-8 ಎನ್‌ಕೋಡಿಂಗ್ ಮಾಡಿ ಅಂತಾನೇ ಇದೆ.

ಹಾಗಾದ್ರೆ ಎಷ್ಟೋ ಕನ್ನಡ ಸೈಟ್‌ಗಳ ಪುಟಗಳು ಸರಿಯಾಗಿ ಇಂಡೆಕ್ಸ್ ಆಗದೇ ಇರೋದು ಯಾಕೆ? ನಾನು ನೋಡಿರೋ ಮಟ್ಟಿಗೆ ವಿಳಾಸದಿಂದ ಬರೋ ತೊಂದ್ರೆ ಎರಡೇ ಥರದ್ದು, ಒಂದು ಪುಟಕ್ಕೆ ಗೊತ್ತಿಲ್ದೇ ಎರಡು ಮೂರು ವಿಳಾಸ ಹುಟ್ಕೊಂಡಿರುತ್ತೆ, ಇಲ್ಲಾ ವಿಳಾಸ ಎಲ್ಲೋ ಮಧ್ಯದಲ್ಲಿ ಮುರಿದು 404 (ಪುಟ ಸಿಗ್ಲಿಲ್ಲ ಅನ್ನೋ ಎರರ್) ಬರ್ತಿರುತ್ತೆ. ಅಕ್ಷರ ಕನ್ನಡದ್ದಾ ಇಂಗ್ಲಿಷಿಂದಾ ಅನ್ನೋದಲ್ಲ ವಿಷಯ, ನಮ್ಮ ಲಿಪಿಯಲ್ಲಿ ಈ ಎರಡು ತೊಂದ್ರೆ ಹುಟ್ಟೋಕೆ ದಾರಿಗಳು ಸ್ವಲ್ಪ ಜಾಸ್ತಿ ಇದಾವೆ ಅಷ್ಟೇ. ಆ ದಾರಿಗಳನ್ನ ಒಂದೊಂದಾಗಿ ಮುಚ್ಚೋಣ.

ಹಂತ 1: ನಿಮ್ಮ ವಿಳಾಸದ ನಿಜರೂಪ ನೋಡಿ

ಕ್ರೋಮ್‌ನಲ್ಲಿ ನಿಮ್ಮದೇ ಸೈಟಿನ ಕನ್ನಡ ವಿಳಾಸ ಇರೋ ಒಂದು ಪುಟ ತೆಗೀರಿ, ಮೇಲಿನ ಅಡ್ರೆಸ್ ಬಾರ್‌ನಿಂದ ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಬಾರ್‌ನಲ್ಲಿ ಚೆಂದಾಗಿ ಕನ್ನಡ ಕಾಣ್ತಿತ್ತು, ಇಲ್ಲಿ ಬಂದಿದ್ದು ಶೇಕಡಾ ಚಿಹ್ನೆಗಳ ಸಾಲು. ಗಾಬರಿ ಬೇಡ, ಅದೇ ಅದರ ನಿಜರೂಪ.

ವಿಳಾಸದ ನಿಯಮ ಆರ್‌ಎಫ್‌ಸಿ 3986 ಅನ್ನೋ ದಾಖಲೆಯಲ್ಲಿದೆ, 2005ರದ್ದು. ಅದರ ಪ್ರಕಾರ ಯಾವ ತಕರಾರೂ ಇಲ್ದೇ ಹಾಗೇ ಹೋಗೋ ಅಕ್ಷರಗಳು ಇಂಗ್ಲಿಷಿನ ದೊಡ್ಡ ಸಣ್ಣ ಅಕ್ಷರ, 0ಯಿಂದ 9ರ ಅಂಕಿ, ಮತ್ತೆ ಹೈಫನ್, ಚುಕ್ಕಿ, ಅಂಡರ್‌ಸ್ಕೋರ್, ಟಿಲ್ಡೆ, ಇಷ್ಟೇ. ಕೆಲವು ಚಿಹ್ನೆಗಳಿಗೆ ಬೇರೆ ಕೆಲಸ ಇದೆ, ಅವನ್ನ ಆಮೇಲೆ ನೋಡೋಣ. ಉಳಿದಿದ್ದೆಲ್ಲ, ಕನ್ನಡ, ಹಿಂದಿ, ಚೈನೀಸ್, ಇಮೋಜಿ ಎಲ್ಲಾನೂ, ಬೈಟ್‌ಗಳಾಗಿ ಒಡೆದು ಪ್ರತಿ ಬೈಟ್ ಮುಂದೆ % ಹಾಕಿ ಕಳಿಸಬೇಕು.

ಕನ್ನಡದ ಒಂದೊಂದು ಕೋಡ್ (ಕಂಪ್ಯೂಟರ್ ಲೆಕ್ಕದಲ್ಲಿ ಒಂದು ಅಕ್ಷರ ಅಥವಾ ಚಿಹ್ನೆ) ಯುಟಿಎಫ್-8ನಲ್ಲಿ 3 ಬೈಟ್, ಒಂದು ಬೈಟ್ ಬರೆಯೋಕೆ 3 ಅಕ್ಷರ, ಅಂದ್ರೆ ಒಂದು ಕನ್ನಡ ಕೋಡ್ ವಿಳಾಸದಲ್ಲಿ 9 ಅಕ್ಷರ ತಿನ್ನುತ್ತೆ. 'ಕ' ಅಂತ ಬರೆದ್ರೆ ಹೋಗೋದು %ಇ0%ಬಿ2%95 (ಇ, ಬಿ ಅಂತ ನಾನು ಬರೆದಿರೋದೆಲ್ಲ ಅಲ್ಲಿ ಇಂಗ್ಲಿಷ್ ಅಕ್ಷರ). ಇಲ್ಲಿ ಗಮನಿಸಬೇಕಾದ್ದು, ಲೆಕ್ಕ ನಮ್ಮ ಕಣ್ಣಿಗೆ ಕಾಣೋ ಅಕ್ಷರದ್ದಲ್ಲ. ಗುಣಿತದ ಚಿಹ್ನೆ ಬೇರೆ ಕೋಡ್, ಒತ್ತಕ್ಷರದ ಮಧ್ಯೆ ಇರೋ ಹಲಂತ ಬೇರೆ ಕೋಡ್. 'ಕನ್ನಡ' ಅಂದ್ರೆ ನಮಗೆ ಮೂರಕ್ಷರ, ಕಂಪ್ಯೂಟರ್‌ಗೆ ಕ, ನ, ಹಲಂತ, ನ, ಡ ಅಂತ 5 ಕೋಡ್, ವಿಳಾಸದಲ್ಲಿ 45 ಅಕ್ಷರ.

ಗೂಗಲ್‌ಗೆ ಇದರಿಂದ ಏನೂ ತೊಂದ್ರೆ ಇಲ್ಲ. ಕನ್ನಡದಲ್ಲಿ ಬರೆದ ರೂಪ, ಶೇಕಡಾ ರೂಪ, ಎರಡೂ ಒಂದೇ ವಿಳಾಸ ಅಂತ ಅದಕ್ಕೆ ಗೊತ್ತು. ತೊಂದ್ರೆ ಆಗೋದು ಈ ಉದ್ದ ತಡ್ಕೊಳ್ಳೋಕೆ ಆಗದ ಮಧ್ಯದ ಸಾಫ್ಟ್‌ವೇರ್‌ಗಳಿಂದ.

ಹಂತ 2: ನಿಮ್ಮ ಸಾಫ್ಟ್‌ವೇರ್ ವಿಳಾಸಾನ ಎಲ್ಲಿ ಕತ್ತರಿಸ್ತಿದೆ ಅಂತ ಪತ್ತೆ ಮಾಡಿ

ವರ್ಡ್‌ಪ್ರೆಸ್ ಬಳಸೋರು ಇದನ್ನ ಎರಡು ಸಲ ಓದಿ. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ವಿಳಾಸದ ಬಾಲ ತಯಾರು ಮಾಡುತ್ತೆ, ಅದಕ್ಕೆ ಸ್ಲಗ್ ಅಂತಾರೆ. ಈ ಸ್ಲಗ್‌ಗೆ ಅದರ ಡೇಟಾಬೇಸ್‌ನಲ್ಲಿ 200 ಅಕ್ಷರದ ಜಾಗ ಇದೆ, ಮತ್ತೆ ಅದು ಸ್ಲಗ್‌ನ ಶೇಕಡಾ ರೂಪದಲ್ಲೇ ಇಟ್ಕೊಳ್ಳುತ್ತೆ. ಇಂಗ್ಲಿಷ್ ಶೀರ್ಷಿಕೆಗೆ 200 ಅಕ್ಷರ ಅಂದ್ರೆ ಧಾರಾಳ, ಕನ್ನಡಕ್ಕೆ 200ನ್ನ 9ರಿಂದ ಭಾಗಿಸಿ, 22 ಕೋಡ್‌ಗೇ ಮುಗೀತು. ಆಮೇಲೆ ಬರೋದನ್ನೆಲ್ಲ ಅದು ಹೇಳ್ದೇ ಕೇಳ್ದೇ ಬಿಟ್ಬಿಡುತ್ತೆ.

ಉದಾಹರಣೆಗೆ 'ಮೈಸೂರು ದಸರಾ ಜಂಬೂಸವಾರಿ ನೋಡಲು ಪಾಸ್ ಪಡೆಯುವುದು ಹೇಗೆ' ಅಂತ ಶೀರ್ಷಿಕೆ ಕೊಡಿ. ಮೊದಲ ಮೂರು ಪದಕ್ಕೆ 19 ಕೋಡ್, ಮಧ್ಯದ ಹೈಫನ್ ಸೇರಿ 173 ಅಕ್ಷರ ಆಯ್ತು, ಇನ್ನೊಂದು ಹೈಫನ್, ಆಮೇಲೆ 'ನ', ಆಮೇಲೆ ಓತ್ವ, 192, ಮುಂದಿನ 'ಡ'ಗೆ ಜಾಗ ಇಲ್ಲ. ನಿಮ್ಮ ವಿಳಾಸ ಹೀಗಾಗುತ್ತೆ:

/ಮೈಸೂರು-ದಸರಾ-ಜಂಬೂಸವಾರಿ-ನೋ

ಪಾಸ್ ಸಿಗುತ್ತಾ ಅಂತ ಬಂದವರಿಗೆ ವಿಳಾಸವೇ 'ನೋ' ಅಂತಿದೆ. ಇಂಡೆಕ್ಸ್ ಆಗೋಕೆ ಇದೇನೂ ಅಡ್ಡಿ ಅಲ್ಲ, ಆದ್ರೆ ಇದೇ ನಾಲ್ಕು ಪದದಿಂದ ಶುರುವಾಗೋ ಇನ್ನೊಂದು ಲೇಖನ ಹಾಕಿದ್ರೆ ಅದೂ ಇಲ್ಲಿಗೇ ಕತ್ತರಿಸಿ ಹಿಂದೆ -2 ಸೇರ್ಕೊಳ್ಳುತ್ತೆ, ಮೂರನೇದಕ್ಕೆ -3. ಹತ್ತಾರು ಪುಟ ಹೀಗಾದ್ರೆ ಯಾವುದು ಯಾವುದು ಅಂತ ನಿಮಗೇ ಗೊತ್ತಾಗಲ್ಲ, ಒಳಗಿನ ಲಿಂಕ್ ಹಾಕುವಾಗ ತಪ್ಪು ಪುಟಕ್ಕೆ ಕೊಂಡಿ ಬೀಳುತ್ತೆ. ಒಂದು ಕಡೆ ಹಲಂತಕ್ಕೇ ಕತ್ತರಿಸಿರೋದೂ ನೋಡಿದೀನಿ, ಕೊನೇ ಅಕ್ಷರ ಅರ್ಧ.

ಮಾಡಬೇಕಾದ್ದು ಸುಲಭ. ಪಬ್ಲಿಶ್ ಒತ್ತೋ ಮುಂಚೆ ಬಲಗಡೆ ಇರೋ ಸ್ಲಗ್ ಅನ್ನೋ ಪೆಟ್ಟಿಗೇಲಿ ನೀವೇ ಎರಡು ಮೂರು ಪದ ಬರೀರಿ. /ದಸರಾ-ಪಾಸ್ ಸಾಕು. ಶೀರ್ಷಿಕೆ ಎಷ್ಟು ಉದ್ದ ಬೇಕಾದ್ರೂ ಇರ್ಲಿ, ವಿಳಾಸ ಶೀರ್ಷಿಕೆಯ ನಕಲು ಆಗಬೇಕು ಅಂತ ಯಾರೂ ಹೇಳಿಲ್ಲ.

ಬ್ಲಾಗರ್‌ನಲ್ಲಿ ಇದರ ಉಲ್ಟಾ ಸಮಸ್ಯೆ. ಅಲ್ಲಿ ಶೀರ್ಷಿಕೆಯಲ್ಲಿರೋ ಕನ್ನಡ ಅಕ್ಷರಾನೆಲ್ಲ ತೆಗೆದು ಹಾಕಿ, ಏನೂ ಉಳಿಯದೇ ಇದ್ದಾಗ 'ಬ್ಲಾಗ್-ಪೋಸ್ಟ್' ಅಂತ ಇಟ್ಟು ಹಿಂದೆ ಅಂಡರ್‌ಸ್ಕೋರ್ ಮತ್ತೆ ಒಂದು ನಂಬರ್ ಹಾಕುತ್ತೆ. ಹಳೇ ಕನ್ನಡ ಬ್ಲಾಗ್‌ಗಳ ವಿಳಾಸ ನೋಡಿ, ಎಲ್ಲಾ ಬ್ಲಾಗ್-ಪೋಸ್ಟ್ ಅನ್ನೋದೇ. ಅವೂ ಇಂಡೆಕ್ಸ್ ಆಗಿವೆ, ಸುಳ್ಳಲ್ಲ. ಹೊಸದಾಗಿ ಬರೆಯುವಾಗ ಪರ್ಮಾಲಿಂಕ್‌ನಲ್ಲಿ ಕಸ್ಟಮ್ ಆರಿಸಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಚಿಕ್ಕ ವಿಳಾಸ ಕೊಡಿ, ಅಲ್ಲಿ ಕನ್ನಡ ತಗೊಳ್ಳಲ್ಲ.

ಹಂತ 3: ಕನ್ನಡವೋ ರೋಮನ್ನೋ, ಒಂದು ಸಲ ತೀರ್ಮಾನ ಮಾಡಿ ಮುಗಿಸಿ

ರ್‍ಯಾಂಕಿಂಗ್‌ಗೋಸ್ಕರ ಇದರ ಬಗ್ಗೆ ತಲೆ ಕೆಡಿಸ್ಕೊಳ್ಳೋದು ದಂಡ. ವಿಳಾಸದಲ್ಲಿರೋ ಪದಗಳಿಗೆ ತುಂಬಾ ಹಗುರವಾದ ತೂಕ ಕೊಡ್ತೀವಿ ಅಂತ ಗೂಗಲ್‌ನ ಜಾನ್ ಮ್ಯೂಲರ್ ಎಷ್ಟೋ ಸಲ ಹೇಳಿದಾರೆ, ಪುಟದ ಒಳಗಿರೋದನ್ನ ಓದೋಕೆ ಸಿಕ್ಕ ಮೇಲೆ ವಿಳಾಸದ ಪದಕ್ಕೆ ಅಂಥ ಬೆಲೆ ಇಲ್ಲ. ಅದೂ ಅಲ್ದೆ 2025ರ ಜನವರಿಯಿಂದ ಮೊಬೈಲ್ ಫಲಿತಾಂಶದಲ್ಲಿ ಗೂಗಲ್ ಡೊಮೇನ್ ಹೆಸರು ಮಾತ್ರ ತೋರಿಸುತ್ತೆ, ಹಿಂದಿನ ಬಾಲ ಓದುಗರಿಗೆ ಅಲ್ಲಿ ಕಾಣೋದೇ ಇಲ್ಲ.

ಹಾಗಾಗಿ ಇದು ಅನುಕೂಲದ ಪ್ರಶ್ನೆ. ಕನ್ನಡ ಇಟ್ರೆ ಓದೋಕೆ ಚೆಂದ, ಬಾರ್‌ನಲ್ಲಿ ನೋಡಿದ ತಕ್ಷಣ ಪುಟ ಯಾವುದು ಅಂತ ಗೊತ್ತಾಗುತ್ತೆ, ಆದ್ರೆ ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಹಾಕಿದ್ರೆ ಅರ್ಧ ಪರದೆ ತುಂಬೋ ಶೇಕಡಾ ಸಾಲು, ನೋಡಿದವರು ವೈರಸ್ ಲಿಂಕ್ ಅಂದ್ಕೊಂಡು ಒತ್ತೋದೇ ಇಲ್ಲ. ರೋಮನ್ ಇಟ್ರೆ ಚಿಕ್ಕದು, ಫೋನಲ್ಲಿ ಹೇಳಬಹುದು, ಪಾಂಪ್ಲೆಟ್‌ನಲ್ಲಿ ಅಚ್ಚು ಹಾಕಬಹುದು, ಆದ್ರೆ ಕಾಗುಣಿತಕ್ಕೆ ಕೊನೆ ಇಲ್ಲ. ಮೈಸೂರಿಗೆ ವೈ ಹಾಕೋದಾ ಎ-ಐ ಹಾಕೋದಾ, ಕೊನೇಲಿ ಇ ಬೇಕಾ ಯು ಬೇಕಾ, 'ದಸರಾ'ಗೆ ಎಷ್ಟು ಎ, ಒಬ್ಬೊಬ್ಬರದ್ದು ಒಂದೊಂದು. ಇಬ್ಬರು ಮೂವರು ಸೇರಿ ಸೈಟ್ ನಡೆಸ್ತಿದ್ರೆ ಒಂದು ಶೀಟ್‌ನಲ್ಲಿ ಊರಿನ ಹೆಸರು, ಹಬ್ಬದ ಹೆಸರು ಹೇಗೆ ಬರೀಬೇಕು ಅಂತ ಪಟ್ಟಿ ಮಾಡಿಟ್ಕೊಳ್ಳಿ.

ನನ್ನನ್ನ ಕೇಳಿದ್ರೆ: ಸುದ್ದಿ, ವಾಟ್ಸಾಪ್‌ನಲ್ಲಿ ಓಡಾಡೋ ಬರಹ ಆದ್ರೆ ಚಿಕ್ಕ ರೋಮನ್ ಸ್ಲಗ್. ನಿಘಂಟು, ವಿಶ್ವಕೋಶ, ಪದ್ಯ ಸಂಗ್ರಹ ಈ ಥರ ಹೆಸರಿಂದಲೇ ಹುಡುಕೋ ಸೈಟ್ ಆದ್ರೆ ಧೈರ್ಯವಾಗಿ ಕನ್ನಡ. ಈಗಾಗ್ಲೇ ಸಾವಿರ ಪುಟ ಒಂದು ಥರ ಇದ್ರೆ ಅವನ್ನ ಮುಟ್ಟಬೇಡಿ. ವಿಳಾಸ ಚೆಂದ ಮಾಡ್ತೀನಿ ಅಂತ ಇಡೀ ಸೈಟ್ ಬದಲಾಯಿಸೋದು ಯಾವ ಲಾಭಕ್ಕೂ ಅಲ್ಲ, ಹೊಸ ಪುಟಗಳಿಂದ ಹೊಸ ಪದ್ಧತಿ ಶುರು ಮಾಡಿ ಸಾಕು.

ಹಂತ 4: ಕಣ್ಣಿಗೆ ಕಾಣದ ಅಕ್ಷರಗಳನ್ನ ಹಿಡೀರಿ

ಕನ್ನಡ ವಿಳಾಸ ಆರಿಸ್ಕೊಂಡವರಿಗೆ ಇದೇ ದೊಡ್ಡ ಕೆಲಸ. ಎರಡು ವಿಳಾಸ ನೋಡೋಕೆ ಒಂದೇ ಥರ ಇರುತ್ತೆ, ಬೈಟ್‌ನಲ್ಲಿ ಬೇರೆ, ಗೂಗಲ್‌ಗೂ ಸರ್ವರ್‌ಗೂ ಅವು ಎರಡು ಬೇರೆ ಪುಟ. ನಾಲ್ಕು ಕಡೆ ಇದು ಆಗುತ್ತೆ.

ಮೊದಲನೇದು ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ. 'ಬೆಂಗಳೂರು' ಮತ್ತೆ 'ಬೆ೦ಗಳೂರು', ಎರಡನ್ನೂ ನೋಡಿ, ಹೆಚ್ಚಿನ ಫಾಂಟ್‌ಗಳಲ್ಲಿ ವ್ಯತ್ಯಾಸ ಕಾಣಲ್ಲ. ಎರಡನೇದರಲ್ಲಿ ಇರೋದು ಕನ್ನಡದ ಸೊನ್ನೆ ಅಂಕಿ. ಆನ್‌ಲೈನಲ್ಲಿ ಇರೋ ಹಳೇ ಕನ್ನಡ ಪಠ್ಯದಲ್ಲಿ ಇದು ಬೇಕಾದಷ್ಟಿದೆ, ಅದನ್ನ ಕಾಪಿ ಮಾಡಿದವರ ವಿಳಾಸಕ್ಕೂ ಬಂದು ಕೂತಿದೆ. ಪತ್ತೆ ಮಾಡೋದು ಹೇಗೆ ಅಂದ್ರೆ ಹಂತ 1ರಲ್ಲಿ ಮಾಡಿದ ಹಾಗೆ ಶೇಕಡಾ ರೂಪ ತೆಗೀರಿ, ಅನುಸ್ವಾರ ಆದ್ರೆ %ಇ0%ಬಿ2%82 ಇರುತ್ತೆ, ಸೊನ್ನೆ ಆದ್ರೆ %ಇ0%ಬಿ3%ಎ6. ವಿಳಾಸದಲ್ಲಿ ಮಾತ್ರ ಅಲ್ಲ, ಶೀರ್ಷಿಕೆ ಮತ್ತೆ ಲೇಖನದ ಒಳಗೂ ಇದನ್ನ ಹುಡುಕಿ ಬದಲಾಯಿಸಿ, ನಿಜ ಹೇಳಬೇಕು ಅಂದ್ರೆ ಅಲ್ಲಿ ಆಗೋ ನಷ್ಟ ವಿಳಾಸದಲ್ಲಿ ಆಗೋದಕ್ಕಿಂತ ಜಾಸ್ತಿ, ಯಾಕಂದ್ರೆ ಹುಡುಕೋರು ಸರಿಯಾದ ಅನುಸ್ವಾರ ಹಾಕಿ ಹುಡುಕ್ತಾರೆ.

ಎರಡನೇದು ಅಗಲವೇ ಇಲ್ಲದ ಚಿಹ್ನೆಗಳು. 'ಸಾಫ್ಟ್‌ವೇರ್' ಅಂತ ಬರೆಯುವಾಗ ಟ ಮತ್ತೆ ವ ಒತ್ತಾಗಿ ಸೇರ್ಕೊಳ್ಳದೇ ಇರ್ಲಿ ಅಂತ ಮಧ್ಯೆ ಒಂದು ಕಾಣದ ಚಿಹ್ನೆ ಹಾಕ್ತೀವಲ್ಲ, ಜೆಡ್‌ಡಬ್ಲ್ಯೂಎನ್‌ಜೆ ಅಂತಾರೆ, ಅದು ವಿಳಾಸದಲ್ಲಿ %ಇ2%80%8ಸಿ ಆಗಿ ಕೂರುತ್ತೆ. ಪದದ ಮಧ್ಯೆ ಇದ್ರೆ ಪರವಾಗಿಲ್ಲ, ಇದ್ದಿದ್ದು ಇಲ್ಲದ್ದು ಕಣ್ಣಿಗೆ ಗೊತ್ತಾಗುತ್ತೆ. ಪದದ ಕೊನೇಲಿ, 'ಪಾಸ್' ಆದ್ಮೇಲೆ ಒಂದು ಇತ್ತು ಅಂದ್ರೆ ದೇವರೇ ಗತಿ. ಕೆಲವು ಕೀಬೋರ್ಡ್‌ಗಳಲ್ಲಿ ಹಲಂತ ಹಾಕುವಾಗ ಅದು ತಾನಾಗೇ ಬೀಳುತ್ತೆ, ಕೆಲವದ್ರಲ್ಲಿ ಬೀಳಲ್ಲ, ಒಬ್ಬರು ಹಾಕಿದ ಪುಟಕ್ಕೆ ಇನ್ನೊಬ್ಬರು ಕೈಯಿಂದ ಟೈಪ್ ಮಾಡಿ ಲಿಂಕ್ ಕೊಟ್ರೆ 404. ನನ್ನ ಸಲಹೆ, ವಿಳಾಸದಲ್ಲಿ ಈ ಚಿಹ್ನೆ ಬೇಕಾಗೋ ಪದಾನೇ ಬಳಸಬೇಡಿ, ಅಥವಾ ಅಲ್ಲೊಂದು ಹೈಫನ್ ಹಾಕಿ ಎರಡು ಪದ ಮಾಡಿ, /ಸಾಫ್ಟ್-ವೇರ್ ಅಂತ.

ಮೂರನೇದು 'ರ‍್ಯಾಲಿ', 'ರ‍್ಯಾಂಕ್' ಥರದ ಪದಗಳು. ಇಲ್ಲಿ ರ ಪೂರ್ತಿಯಾಗಿ ಬಂದು ಯ ಕೆಳಗೆ ಒತ್ತಾಗಬೇಕು ಅಂದ್ರೆ ಜೆಡ್‌ಡಬ್ಲ್ಯೂಜೆ ಅನ್ನೋ ಇನ್ನೊಂದು ಕಾಣದ ಚಿಹ್ನೆ ಬೇಕು. ಕೆಲವರು ಅದನ್ನ ಹಲಂತದ ಮುಂಚೆ ಹಾಕಿರ್ತಾರೆ, ಕೆಲವರು ಹಲಂತ ಆದ್ಮೇಲೆ. ಎಷ್ಟೋ ಫಾಂಟ್‌ಗಳಲ್ಲಿ ಎರಡೂ ಒಂದೇ ಥರ ಕಾಣುತ್ತೆ, ವಿಳಾಸ ಮಾತ್ರ ಎರಡು. ಚುನಾವಣೆ ಟೈಮಲ್ಲಿ ರ‍್ಯಾಲಿ ಸುದ್ದಿ, ಫಲಿತಾಂಶದ ಟೈಮಲ್ಲಿ ರ‍್ಯಾಂಕ್ ಸುದ್ದಿ ಹಾಕೋರು ಸ್ಲಗ್‌ನಲ್ಲಿ ಈ ಪದ ಬಿಟ್ಟು ಬೇರೆ ಪದ ಹುಡುಕಿ, ಅಷ್ಟೇ.

ನಾಲ್ಕನೇದು ಗುಣಿತ ಒಡೆದು ಬರೋದು. ಯೂನಿಕೋಡ್‌ನಲ್ಲಿ ಓತ್ವಕ್ಕೆ ಒಂದೇ ಕೋಡ್ ಇದೆ, ಅದನ್ನೇ ಎತ್ವ, ಊತ್ವ, ದೀರ್ಘ ಅಂತ ಮೂರು ಕೋಡ್ ಆಗಿ ಒಡೆದೂ ಬರೀಬಹುದು, ಎರಡೂ ಸಮ ಅಂತ ನಿಯಮವೇ ಹೇಳುತ್ತೆ. ದೀರ್ಘದ ಈತ್ವ, ಏತ್ವ, ಐತ್ವ, ಒತ್ವಕ್ಕೂ ಇದೇ ಕಥೆ. ಕೂಡಿಸಿದ ರೂಪದಲ್ಲಿ 'ಕೋಲಾರ' 5 ಕೋಡ್, ಒಡೆದ ರೂಪದಲ್ಲಿ 7. ಬ್ರೌಸರ್ ಇದನ್ನ ತಾನಾಗಿ ಸರಿ ಮಾಡಲ್ಲ, ಇದ್ದಿದ್ದನ್ನ ಹಾಗೇ ಕಳಿಸುತ್ತೆ. ಒಡೆದ ರೂಪ ಎಲ್ಲಿಂದ ಬರುತ್ತೆ ಅಂದ್ರೆ ಮುಖ್ಯವಾಗಿ ಹಳೇ ಮ್ಯಾಕ್ ಕಂಪ್ಯೂಟರ್‌ಗಳಿಂದ, ಅವುಗಳ ಹಳೇ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಹೆಸರನ್ನ ಒಡೆದೇ ಇಟ್ಕೊಳ್ತಿತ್ತು. ಅಲ್ಲಿಂದ 'ಕೋಲಾರ' ಅಂತ ಹೆಸರಿರೋ ಫೋಟೋ ಲಿನಕ್ಸ್ ಸರ್ವರ್‌ಗೆ ಹಾಕಿ, ಪುಟದಲ್ಲಿ ಕೈಯಿಂದ ಅದರ ಹೆಸರು ಬರೆದ್ರೆ ಫೋಟೋ ಬರಲ್ಲ, ಹೆಸರು ನೋಡಿದ್ರೆ ಒಂದೇ ಇದೆ, ಯಾಕೆ ಬರ್ತಿಲ್ಲ ಅಂತ ರಾತ್ರಿಯೆಲ್ಲ ಕೂತು ನೋಡಿದ್ರೂ ಗೊತ್ತಾಗಲ್ಲ. ಫೋಟೋ ಬರದೇ ಇದ್ರೆ ಇಮೇಜ್ ಸರ್ಚ್‌ನಲ್ಲೂ ಬರಲ್ಲ.

ಸೈಟ್ ಕೋಡ್ ನೀವೇ ಬರೀತಿದ್ರೆ ಸ್ಲಗ್ ಸೇವ್ ಮಾಡೋ ಮುಂಚೆ ಎನ್‌ಎಫ್‌ಸಿ ರೂಪಕ್ಕೆ (ಯೂನಿಕೋಡ್ ಹೇಳೋ ಕೂಡಿಸಿದ ರೂಪ) ನಾರ್ಮಲೈಸ್ ಮಾಡಿ, ಪೈಥಾನ್, ಪಿಎಚ್‌ಪಿ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಅದಕ್ಕೆ ಸೌಲಭ್ಯ ಇದೆ. ಆದ್ರೆ ಎನ್‌ಎಫ್‌ಸಿ ಮಾಡಿದ್ರೆ ಎಲ್ಲಾ ಸರಿಹೋಯ್ತು ಅಂದ್ಕೋಬೇಡಿ, ಅದು ನಾಲ್ಕನೇ ತೊಂದ್ರೆ ಮಾತ್ರ ಸರಿ ಮಾಡುತ್ತೆ. ಸೊನ್ನೆ ಅಂಕಿ, ಕಾಣದ ಚಿಹ್ನೆ, ಅವುಗಳ ಹಿಂದೆ ಮುಂದೆ ಆಗೋ ಕ್ರಮ ಇದ್ಯಾವುದನ್ನೂ ಅದು ಮುಟ್ಟಲ್ಲ, ಅದಕ್ಕೆ ನೀವೇ ಬೇರೆ ನಿಯಮ ಬರೀಬೇಕು. ಕೋಡ್ ಗೊತ್ತಿಲ್ಲದವರು ಫೈಲ್ ಹೆಸರುಗಳನ್ನಾದ್ರೂ ಇಂಗ್ಲಿಷ್ ಅಕ್ಷರದಲ್ಲಿ ಇಡಿ, ಅರ್ಧ ತಲೆನೋವು ಹೋಯ್ತು.

ಹಂತ 5: ಬೇರೆ ಕೆಲಸ ಇರೋ ಚಿಹ್ನೆಗಳಿಂದ ದೂರ ಇರಿ

ಪ್ರಶ್ನಾರ್ಥಕ ಚಿಹ್ನೆ ಬಂತು ಅಂದ್ರೆ ವಿಳಾಸದ ದಾರಿ ಭಾಗ ಅಲ್ಲಿಗೆ ಮುಗೀತು, ಮುಂದಿಂದು ಪ್ಯಾರಾಮೀಟರ್, ಅಂದ್ರೆ ಸರ್ವರ್‌ಗೆ ಕೊಡೋ ಹೆಚ್ಚಿನ ಮಾಹಿತಿ. ಶೀರ್ಷಿಕೆಯಲ್ಲಿ 'ಯಾಕೆ?' ಇದೆ ಅಂತ ಅದನ್ನ ಹಾಗೇ ವಿಳಾಸಕ್ಕೆ ತಂದ್ರೆ ಸರ್ವರ್ ಅದನ್ನ ಬೇರೆ ಥರಾನೇ ಓದುತ್ತೆ.

# ಚಿಹ್ನೆ ಇನ್ನೂ ಅಪಾಯ. ಅದಾದ್ಮೇಲೆ ಇರೋದು ಸರ್ವರ್‌ಗೆ ಹೋಗೋದೇ ಇಲ್ಲ, ಬ್ರೌಸರ್‌ನಲ್ಲೇ ಉಳಿಯುತ್ತೆ, ಗೂಗಲ್ ಕೂಡ ಸಾಮಾನ್ಯವಾಗಿ ಅದನ್ನ ಬಿಟ್ಟೇ ಲೆಕ್ಕ ಹಾಕುತ್ತೆ. ನಿಮ್ಮ ಸೈಟ್ ಒಂದೇ ಪುಟದಲ್ಲಿ ಎಲ್ಲಾ ತೋರಿಸೋ ಥರ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿಸಿದ್ದು, ಮೆನು ಒತ್ತಿದಾಗ ವಿಳಾಸದಲ್ಲಿ # ಮುಂದಿಂದು ಮಾತ್ರ ಬದಲಾಗ್ತಿದ್ರೆ, ಗೂಗಲ್ ಪಾಲಿಗೆ ನಿಮ್ಮ ಇಡೀ ಸೈಟ್ ಒಂದೇ ಒಂದು ಪುಟ. ಹಿಂದೆ #! ಅಂತ ಬರೆದ್ರೆ ಗೂಗಲ್ ಅರ್ಥ ಮಾಡ್ಕೊಳ್ಳೋ ಒಂದು ಏರ್ಪಾಡಿತ್ತು, 2009ರಲ್ಲಿ ಬಂತು, 2015ರಲ್ಲಿ ಅದನ್ನ ಇನ್ಮುಂದೆ ಬಳಸಬೇಡಿ ಅಂದ್ರು. ಈಗ ಮಾಡಿಸುವಾಗ ಡೆವಲಪರ್‌ಗೆ ಹಿಸ್ಟರಿ ಎಪಿಐ ಬಳಸಿ ನಿಜವಾದ ವಿಳಾಸ ಕೊಡಿ ಅಂತ ಮೊದ್ಲೇ ಹೇಳಿ, ಆಮೇಲೆ ಬದಲಾಯಿಸೋದು ದುಬಾರಿ.

ಸ್ಪೇಸ್ ಇದ್ರೆ %20 ಆಗುತ್ತೆ, ಕೆಲಸ ನಡೆಯುತ್ತೆ ಆದ್ರೆ ಲಿಂಕ್ ಕಾಪಿ ಮಾಡುವಾಗ ಮಧ್ಯಕ್ಕೇ ಕತ್ತರಿಸಿ ಹೋಗೋದು ಜಾಸ್ತಿ. + ಹಾಕಿದ್ರೆ ಪ್ರಶ್ನಾರ್ಥಕ ಆದ್ಮೇಲೆ ಅದನ್ನ ಸ್ಪೇಸ್ ಅಂತ ಓದ್ತಾರೆ, ಅದಕ್ಕೂ ಮುಂಚೆ ಪ್ಲಸ್ ಅಂತಾನೇ. ಆವರಣ, ಆಶ್ಚರ್ಯಸೂಚಕ, ಕೊನೆಯ ಚುಕ್ಕಿ ಇವೆಲ್ಲ ವಿಳಾಸದ ತುದಿಯಲ್ಲಿದ್ರೆ ಎಷ್ಟೋ ಆ್ಯಪ್‌ಗಳು ಅದನ್ನ ಬಿಟ್ಟು ಉಳಿದಿದ್ದಕ್ಕೆ ಲಿಂಕ್ ಮಾಡುತ್ವೆ, ಒತ್ತಿದವರಿಗೆ 404.

ಪದಗಳ ಮಧ್ಯೆ ಹೈಫನ್ನೋ ಅಂಡರ್‌ಸ್ಕೋರೋ? ಗೂಗಲ್ ಹೇಳೋದು ಹೈಫನ್. ವಿಕಿಪೀಡಿಯ ಅಂಡರ್‌ಸ್ಕೋರ್ ಹಾಕ್ಕೊಂಡೇ ಇಷ್ಟು ವರ್ಷ ನಡೆಸ್ಕೊಂಡು ಬಂದಿದೆ, ಹಾಗಾಗಿ ಹಳೇದನ್ನ ಬದಲಾಯಿಸೋಕೆ ಹೋಗಬೇಡಿ, ಹೊಸದಕ್ಕೆ ಹೈಫನ್ ಹಾಕಿ. ವರ್ಡ್ ಫೈಲಿಂದ ಕಾಪಿ ಮಾಡಿದಾಗ ಬರೋ ಉದ್ದ ಗೆರೆ ಹೈಫನ್ ಅಲ್ಲ, ಅದನ್ನೂ ನೋಡ್ಕೊಳ್ಳಿ.

ಹಂತ 6: ದೊಡ್ಡಕ್ಷರ, ಕೊನೇ ಗೆರೆ, ಬಾಲ

ಡೊಮೇನ್ ಹೆಸರಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಎರಡೂ ಒಂದೇ, ಅದರ ಮುಂದಿನ ದಾರಿಯಲ್ಲಿ ಬೇರೆ ಬೇರೆ. ಲಿನಕ್ಸ್ ಸರ್ವರ್‌ನಲ್ಲಿ ತಪ್ಪು ಬರೆದ್ರೆ 404 ಬರುತ್ತೆ, ಕಡೇಪಕ್ಷ ಗೊತ್ತಾಗುತ್ತೆ. ವಿಂಡೋಸ್ ಸರ್ವರ್‌ನಲ್ಲಿ ಸಾಮಾನ್ಯವಾಗಿ ಎರಡಕ್ಕೂ ಅದೇ ಪುಟ ತೆರೀತದೆ, ಗೂಗಲ್‌ಗೆ ಒಂದೇ ಮನೆಗೆ ಎರಡು ಡೋರ್ ನಂಬರ್ ಸಿಕ್ಕ ಹಾಗಾಗುತ್ತೆ. ರೋಮನ್ ಸ್ಲಗ್ ಆದ್ರೆ ಎಲ್ಲಾ ಸಣ್ಣಕ್ಷರ ಅಂತ ನಿಯಮ ಮಾಡ್ಕೊಳ್ಳಿ. ಕನ್ನಡದಲ್ಲಿ ಈ ತಾಪತ್ರಯ ಇಲ್ಲ, ಶೇಕಡಾ ರೂಪದ ಒಳಗಿರೋ ಇಂಗ್ಲಿಷ್ ಅಕ್ಷರ ದೊಡ್ಡದಿದ್ರೂ ಸಣ್ಣದಿದ್ರೂ ಒಂದೇ ಅಂತ ಆರ್‌ಎಫ್‌ಸಿಯಲ್ಲೇ ಇದೆ.

/ದಸರಾ-ಪಾಸ್ ಮತ್ತೆ /ದಸರಾ-ಪಾಸ್/ ಇವೆರಡೂ ಬೇರೆ ವಿಳಾಸ. ಯಾವುದಾದ್ರೂ ಒಂದನ್ನ ಇಟ್ಕೊಂಡು ಇನ್ನೊಂದನ್ನ ಅದಕ್ಕೆ ರೀಡೈರೆಕ್ಟ್ ಮಾಡಿ, ಅಂದ್ರೆ ಅಲ್ಲಿಗೆ ಬಂದವರು ತಾನಾಗೇ ಇಲ್ಲಿಗೆ ಬರೋ ಹಾಗೆ ಮಾಡಿ.

ಇನ್ನು ಫೇಸ್‌ಬುಕ್‌ನಿಂದ ಬಂದಾಗ ಅಂಟ್ಕೊಳ್ಳೋ ಉದ್ದನೆ ಬಾಲ, ಜಾಹೀರಾತಿನ ಯುಟಿಎಂ ಬಾಲ, ಇವಕ್ಕೆಲ್ಲ ಪುಟದ ಹೆಡ್ ಭಾಗದಲ್ಲಿ ಕ್ಯಾನೊನಿಕಲ್ ಟ್ಯಾಗ್ ಒಂದೇ ಮದ್ದು, ಈ ಪುಟದ ಅಸಲಿ ವಿಳಾಸ ಇದು ಅಂತ ಅದರಲ್ಲಿ ಬರೆದಿರುತ್ತೆ. ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂರೂ ಸೇರಿ 2009ರಲ್ಲಿ ತಂದಿದ್ದು ಅದನ್ನ. ಸರ್ಚ್ ಕನ್ಸೋಲ್‌ನಲ್ಲಿ (ಸೈಟ್ ನಡೆಸೋರಿಗೆ ಗೂಗಲ್ ಕೊಟ್ಟಿರೋ ಸೌಲಭ್ಯ) ಪ್ಯಾರಾಮೀಟರ್ ಹೇಗೆ ನೋಡಬೇಕು ಅಂತ ಹೇಳೋ ಒಂದು ಟೂಲ್ ಇತ್ತು, ಹಳೇ ವಿಡಿಯೋಗಳಲ್ಲಿ ಈಗ್ಲೂ ಅದನ್ನ ತೋರಿಸ್ತಾರೆ, 2022ರಲ್ಲೇ ಅದನ್ನ ತೆಗೆದ್ರು, ಹುಡುಕಿ ಸಮಯ ಹಾಳು ಮಾಡ್ಕೋಬೇಡಿ. ಮತ್ತೆ ಬಾಲ ಇರೋ ವಿಳಾಸಾನೆಲ್ಲ ರೋಬಾಟ್ಸ್ ಫೈಲ್‌ನಲ್ಲಿ (ಯಾವುದನ್ನ ಓದಬಾರದು ಅಂತ ಸರ್ಚ್ ಎಂಜಿನ್‌ಗೆ ಹೇಳೋ ಫೈಲ್) ತಡೆದುಬಿಡ್ತೀನಿ ಅಂತ ಹೊರಡಬೇಡಿ, ತಡೆದ್ರೆ ಗೂಗಲ್ ಆ ಪುಟ ಓದಲ್ಲ, ಓದದೇ ಇದ್ರೆ ಅದರೊಳಗಿನ ಕ್ಯಾನೊನಿಕಲ್ ಅದಕ್ಕೆ ಕಾಣೋದು ಹೇಗೆ?

ಹಂತ 7: ವಿಳಾಸ ಬದಲಾಯಿಸಲೇಬೇಕು ಅಂದ್ರೆ

ಕೆಲವು ಸಲ ಬೇರೆ ದಾರಿ ಇರಲ್ಲ, ಸೊನ್ನೆ ಸೇರ್ಕೊಂಡ ವಿಳಾಸ ಸರಿ ಮಾಡಲೇಬೇಕು. ಆಗ ಹಳೇದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ವಿಳಾಸ ಶಾಶ್ವತವಾಗಿ ಬದಲಾಗಿದೆ ಅನ್ನೋ ಸೂಚನೆ) ಹಾಕಿ. ವರ್ಡ್‌ಪ್ರೆಸ್‌ನಲ್ಲಿ ಪ್ರಕಟ ಆದ ಲೇಖನದ ಸ್ಲಗ್ ಬದಲಾಯಿಸಿದ್ರೆ ಅದು ಹಳೇ ಸ್ಲಗ್ ನೆನಪಿಟ್ಕೊಂಡು ತಾನೇ ಕಳಿಸುತ್ತೆ. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಕಸ್ಟಮ್ ರೀಡೈರೆಕ್ಟ್ ಅಂತ ಇದೆ, ಅಲ್ಲಿ ನೀವೇ ಹಾಕಬೇಕು.

ಸರ್ವರ್ ಫೈಲ್‌ನಲ್ಲಿ ಕೈಯಿಂದ ಬರೆಯೋರು ಹುಷಾರು. ಅಪಾಚೆಯ ರೀರೈಟ್ ನಿಯಮವಾಗ್ಲಿ ಎಂಜಿನ್‌ಎಕ್ಸ್‌ನ ಲೊಕೇಶನ್ ಆಗ್ಲಿ, ಬಂದ ವಿಳಾಸಾನ ಶೇಕಡಾ ರೂಪದಿಂದ ಬಿಡಿಸಿ ಆಮೇಲೆ ಹೋಲಿಸೋದು, ಹಾಗಾಗಿ ಹುಡುಕೋ ಭಾಗದಲ್ಲಿ ನೇರ ಕನ್ನಡಾನೇ ಬರೆದು ಫೈಲನ್ನ ಯುಟಿಎಫ್-8ನಲ್ಲಿ ಉಳಿಸಿ. ಶೇಕಡಾ ರೂಪ ಬರೆದ್ರೆ ಅದು ಹೊಂದೋದೇ ಇಲ್ಲ, ರೀಡೈರೆಕ್ಟ್ ಯಾಕೆ ಕೆಲಸ ಮಾಡ್ತಿಲ್ಲ ಅಂತ ಕೂತಿರ್ತೀರಿ. ಇನ್ನು ಕಳಿಸೋ ಕಡೆ ವಿಳಾಸ ಮೊದ್ಲೇ ಶೇಕಡಾ ರೂಪದಲ್ಲಿದ್ದು ಅಪಾಚೆ ಅದನ್ನ ಮತ್ತೊಂದು ಸಲ ಎನ್‌ಕೋಡ್ ಮಾಡಿದ್ರೆ ಪ್ರತಿ % ಚಿಹ್ನೆಯೂ %25 ಆಗ್ಬಿಡುತ್ತೆ, %25ಇ0%25ಬಿ2 ಅಂತ. ಲಾಗ್‌ನಲ್ಲೋ ಸರ್ಚ್ ಕನ್ಸೋಲ್‌ನ 404 ಪಟ್ಟಿಯಲ್ಲೋ %25ಇ0 ಕಾಣ್ತು ಅಂದ್ರೆ ಎಲ್ಲೋ ಎರಡು ಸಲ ಎನ್‌ಕೋಡ್ ಆಗ್ತಿದೆ ಅಂತಾನೇ ಅರ್ಥ, ಬೇರೆ ಕಾರಣ ಹುಡುಕಬೇಡಿ. ಅಪಾಚೆಯಲ್ಲಿ ಎನ್‌ಇ ಅನ್ನೋ ಫ್ಲಾಗ್ ಹಾಕಿದ್ರೆ ಇದು ನಿಲ್ಲುತ್ತೆ.

ಒಂದರಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅಂತ ಸರಪಳಿ ಮಾಡಬೇಡಿ, ಗೂಗಲ್‌ಬಾಟ್ 10 ನೆಗೆತದ ತನಕ ಹಿಂಬಾಲಿಸುತ್ತೆ ನಿಜ, ಆದ್ರೂ ಹಳೇದರಿಂದ ನೇರ ಕೊನೇದಕ್ಕೇ ಕಳಿಸಿ. ರೀಡೈರೆಕ್ಟ್‌ನ ಕನಿಷ್ಠ ಒಂದು ವರ್ಷ ಇಟ್ಟಿರಿ ಅಂತ ಗೂಗಲ್ ಹೇಳುತ್ತೆ, ನಾನಂತೂ ತೆಗೆಯೋದೇ ಬೇಡ ಅಂತೀನಿ, ಅದೇನು ಬಾಡಿಗೆ ಕೇಳುತ್ತಾ.

ಹಂತ 8: ಸೈಟ್‌ಮ್ಯಾಪ್ ಮತ್ತೆ ಒಳಗಿನ ಲಿಂಕ್

ಸೈಟ್‌ಮ್ಯಾಪ್‌ನಲ್ಲಿ (ಸೈಟಿನ ಪುಟಗಳ ವಿಳಾಸದ ಪಟ್ಟಿ ಇರೋ ಫೈಲ್) ಹಾಕೋ ವಿಳಾಸ ಶೇಕಡಾ ರೂಪದಲ್ಲಿರಲಿ, & ಚಿಹ್ನೆ ಇದ್ರೆ ಎಕ್ಸ್‌ಎಂಎಲ್ ನಿಯಮದ ಪ್ರಕಾರ ಎಸ್ಕೇಪ್ ಮಾಡಿರಲಿ, ಒಂದು & ಹಾಗೇ ಉಳಿದ್ರೆ ಇಡೀ ಫೈಲೇ ಓದೋಕಾಗಲ್ಲ ಅನ್ನೋ ಎರರ್ ಬರುತ್ತೆ. ಒಂದು ಫೈಲ್‌ನಲ್ಲಿ 50,000 ವಿಳಾಸ ಅಥವಾ 50 ಎಂಬಿ ಮಿತಿ, ಒಂದೊಂದು ವಿಳಾಸ 2,048 ಅಕ್ಷರದ ಒಳಗೆ. ಕನ್ನಡದ ಶೀರ್ಷಿಕೆ, ಅದರ ಹಿಂದೆ ಕನ್ನಡದ ವಿಭಾಗ, ಉಪವಿಭಾಗ ಎಲ್ಲಾ ಸೇರಿದ್ರೂ ಅಷ್ಟು ಉದ್ದ ಆಗೋದು ಅಪರೂಪ.

ಮುಖ್ಯವಾದ್ದು, ಸೈಟ್‌ಮ್ಯಾಪ್‌ನಲ್ಲಿರೋದು, ಕ್ಯಾನೊನಿಕಲ್‌ನಲ್ಲಿರೋದು, ಮೆನು ಮತ್ತೆ ಲೇಖನದ ಒಳಗಿನ ಲಿಂಕ್‌ನಲ್ಲಿರೋದು ಮೂರೂ ಬೈಟ್ ಬೈಟ್ ಒಂದೇ ಇರಬೇಕು. ಮೂರನ್ನೂ ನೋಟ್‌ಪ್ಯಾಡ್‌ನಲ್ಲಿ ಒಂದರ ಕೆಳಗೆ ಒಂದು ಪೇಸ್ಟ್ ಮಾಡಿ ನೋಡಿ, ಉದ್ದವೋ ಅಕ್ಷರವೋ ಬೇರೆ ಬೇರೆ ಇದ್ರೆ ಹಂತ 4ಕ್ಕೆ ವಾಪಸ್ ಹೋಗಿ.

ಡೊಮೇನೇ ಕನ್ನಡದಲ್ಲಿ ಇಡಬಹುದಾ?

ಇಡಬಹುದು, ಕನ್ನಡ ಲಿಪಿಯಲ್ಲೇ .ಭಾರತ ಅನ್ನೋ ವಿಸ್ತರಣೆ ಇದೆ, ಹಿಂದಿ ಲಿಪಿಯ ಅದೇ ಹೆಸರಿನದ್ದು ಬೇರೆ, ಇದು ಬೇರೆ, ನಿಕ್ಸಿ ಸಂಸ್ಥೆ ನೋಡ್ಕೊಳ್ಳುತ್ತೆ. ಡೊಮೇನ್‌ಗೆ ಶೇಕಡಾ ಲೆಕ್ಕ ಇಲ್ಲ, ಅದು ಪ್ಯುನಿಕೋಡ್ ಅನ್ನೋ ಬೇರೆ ಪದ್ಧತಿಯಲ್ಲಿ 'ಎಕ್ಸ್‌ಎನ್' ಮತ್ತೆ ಎರಡು ಹೈಫನ್‌ನಿಂದ ಶುರುವಾಗೋ ರೂಪಕ್ಕೆ ಬದಲಾಗುತ್ತೆ, ಒಂದೊಂದು ಭಾಗ 63 ಅಕ್ಷರ ಮೀರೋ ಹಾಗಿಲ್ಲ. ಗೂಗಲ್ ಇದನ್ನೂ ಇಂಡೆಕ್ಸ್ ಮಾಡುತ್ತೆ. ತೊಂದ್ರೆ ಇರೋದು ಬೇರೆ ಕಡೆ, ಎಷ್ಟೋ ಫಾರ್ಮ್‌ಗಳು, ಆ್ಯಪ್‌ಗಳು ಇಂಥ ವಿಳಾಸ ಒಪ್ಪಲ್ಲ, ತಪ್ಪು ಅಂತ ಕೆಂಪಗೆ ತೋರಿಸುತ್ವೆ. ಸದ್ಯಕ್ಕೆ ಇಂಗ್ಲಿಷ್ ಡೊಮೇನ್ ಮುಖ್ಯವಾಗಿ ಇಟ್ಕೊಂಡು ಕನ್ನಡದ್ದನ್ನ ಅದಕ್ಕೆ ರೀಡೈರೆಕ್ಟ್ ಮಾಡೋದು ನೆಮ್ಮದಿ.

ಹಂತ 9: ಸರ್ಚ್ ಕನ್ಸೋಲ್‌ನಲ್ಲಿ ನೋಡಿ, ಕಾಯಿರಿ

ಮೇಲಿಂದೆಲ್ಲ ಮುಗಿಸಿ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಒಂದೆರಡು ಪುಟದ ವಿಳಾಸ ಹಾಕಿ. ಅಲ್ಲಿ ನೀವು ಹೇಳಿದ ಕ್ಯಾನೊನಿಕಲ್ ಯಾವುದು, ಗೂಗಲ್ ಆರಿಸಿದ್ದು ಯಾವುದು ಅಂತ ಎರಡು ಸಾಲು ಇರುತ್ತೆ, ಎರಡೂ ಒಂದೇ ಇದ್ರೆ ವಿಳಾಸದ ಕೆಲಸ ಮುಗೀತು. ಆಮೇಲೆ ಪೇಜಸ್ ರಿಪೋರ್ಟ್ ನೋಡಿ. ಡೂಪ್ಲಿಕೇಟ್ ಅನ್ನೋ ಗುಂಪಲ್ಲಿ ನೋಡೋಕೆ ಒಂದೇ ಥರ ಇರೋ ವಿಳಾಸ ಜೋಡಿ ಜೋಡಿಯಾಗಿ ಇದ್ರೆ ಕಾಣದ ಅಕ್ಷರದ ಕಾಟ ಇನ್ನೂ ಇದೆ. ನಾಟ್ ಫೌಂಡ್ ಗುಂಪಲ್ಲಿ ಅರ್ಧಕ್ಕೆ ಮುರಿದ ಶೇಕಡಾ ಸಾಲು ಇದ್ರೆ ಯಾರೋ ತಪ್ಪಾಗಿ ಕಾಪಿ ಮಾಡಿದ ಲಿಂಕ್, ನಿಮ್ಮ ಸೈಟ್ ಒಳಗಿಂದು ಆದ್ರೆ ಸರಿ ಮಾಡಿ, ಹೊರಗಿಂದು ಆದ್ರೆ ಜಾಸ್ತಿ ಜನ ಬರ್ತಿರೋದಕ್ಕೆ ಮಾತ್ರ ರೀಡೈರೆಕ್ಟ್ ಹಾಕಿ ಉಳಿದಿದ್ದು ಬಿಡಿ.

'ಕ್ರಾಲ್ಡ್, ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಅಂತ ಒಂದು ಗುಂಪಿದೆ ನೋಡಿ, ಅದರಲ್ಲಿ ಪುಟ ಇದ್ರೆ ವಿಳಾಸಾನ ಬೈಬೇಡಿ. ಗೂಗಲ್ ಆ ವಿಳಾಸಕ್ಕೆ ಬಂದಿದೆ, ಪುಟ ಓದಿದೆ, ಓದಿ ಬಿಟ್ಟು ಹೋಗಿದೆ. ಅಲ್ಲಿ ಸಾಮಾನ್ಯವಾಗಿ ತಿದ್ದಬೇಕಾಗಿರೋದು ಲೇಖನವೇ.